ಒಂದು ಮೊರ ತೌಡಿಗೆ

ಬೈರಕೂರು
೧೦-೨-೧೯೮೮

ಚಿರಂಜೀವಿ ಕದಿರೇಶನಿಗೆ ಗಂಗರತ್ನಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಉಂಡುಕೊಂಡು ಓಡಾಡಿಕೊಂಡು ಇದ್ದೇವೆ. ನಿಮ್ಮ ಅವ್ವನಿಗೆ ಮಾತ್ರ ಕಾಲು ಊದಿಕೊಂಡಿದೆ, ಬಾಯಿ ಎಂದಿನ ಹಾಗೇ ಇದೆ. ನೀನು ಶ್ರೀನಿವಾಸಪುರದ ಹೋಟೆಲಿನ ಅನ್ನ ತಿಂದು ಹೊಟ್ಟೆ ಕೆಡಿಸಿಕೊಂಡಿಲ್ಲ ಎಂದುಕೊಂಡಿದ್ದೇನೆ. ಇನ್ನು ಹದಿನಾರು ದಿನ ತಡೆದುಕೋ, ಆಮೇಲೆ ಬೇಯಿಸಿ ಹಾಕುವವಳು ಬರುತ್ತಾಳೆ. ಅವಳ ಅಡುಗೆ ಹೇಗಿದ್ದರೂ ಬಾಯಿ ಮುಚ್ಚಿಕೊಂಡು ತಿನ್ನುವುದನ್ನು ಈಗಲೇ ಅಭ್ಯಾಸ ಮಾಡಿಕೋ.

ನಿನ್ನ ಕಾರ್ಡು ಬಂದು ಎಂಟು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ರೇಷ್ಮೆಹುಳು ನಾಲ್ಕನೇ ಜ್ವರ ಮುಗಿಸಿ ಪೊರೆ ಕಳಚಿ ಎದ್ದಿವೆ, ಎಷ್ಟು ಸೊಪ್ಪು ಹಾಕಿದರೂ ಸಾಲದು. ನಿಮ್ಮಪ್ಪ ಹಿಪ್ಪುನೇರಳೆ ಹೊರೆ ತಂದು ಹಾಕುತ್ತಾರೆ, ನಾನು ತಟ್ಟೆ ತಟ್ಟೆಗೆ ಹಂಚುತ್ತೇನೆ, ಕೊನೆಯ ತಟ್ಟೆಗೆ ಹಾಕಿ ತಿರುಗಿದರೆ ಮೊದಲನೆಯದು ಖಾಲಿ. ಬರೆಯಲು ಪುರಸೊತ್ತೆಲ್ಲಿ? ಹೀಗೆಲ್ಲ ನೆಪ ಹೇಳುತ್ತಿದ್ದೇನೆ ನೋಡು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಜ ಹೇಳಬೇಕೆಂದರೆ ನಿನಗೆ ಏನು ಬರೆಯಬೇಕೆಂದು ನನಗೆ ತಿಳಿಯಲಿಲ್ಲ.

ಮೊದಲು ಬೈದು ಮುಗಿಸುತ್ತೇನೆ. ಇಂಥ ವಿಷಯವನ್ನು ಯಾರಾದರೂ ಕಾರ್ಡಿನಲ್ಲಿ ಬರೆಯುತ್ತಾರೇನೋ? ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ಒಂದು ಲಕೋಟೆ ಸಿಗಲಿಲ್ಲವೇ? ಪೋಸ್ಟ್‌ಮನ್ ಓದಿದ, ಅಂಗಡಿ ಜಗುಲಿಯಲ್ಲಿ ಕೂತವರಿಗೆ ಓದಿ ಹೇಳಿದ, ಆಮೇಲೆ ನನ್ನ ಕೈಗೆ ಕೊಟ್ಟ. ಸಂಜೆ ಬೋರ್‌ವೆಲ್ ಹತ್ತಿರ ಬಚ್ಚಮ್ಮ ಕೊಡ ಇಳಿಸುವ ಮುಂಚೆಯೇ ಕೇಳಿದಳು: "ಏನ್ ಗಂಗಕ್ಕ, ಹುಡುಗ ಮದ್ವೆನೇ ಬೇಡ ಅಂತಾನಂತೆ? ಹೆಣ್ಣಿನ ಕಡೆಯೋರು ಏನಾದ್ರೂ ಅಂದ್ರಾ?" ಏನೂ ಇಲ್ಲ ಕಣೇ, ಅವನ ತಲೆ ಬಿಸಿ ಅಂದು ಬಂದೆ.

ನೀನು ಬರೆದದ್ದು ನಾಲ್ಕೇ ಸಾಲು. ಚಪ್ಪರದ ದಿನ ನಾನು ಮೊರ ಹಿಡಿದು ನಿಲ್ಲದಿದ್ದರೆ ನೀನು ಹಸೆಮಣೆ ಏರುವುದಿಲ್ಲ. "ಅವ್ವ ಕೊಡಲು ತಯಾರಾಗಿದ್ದಾಳೆ. ತೆಗೆದುಕೊಳ್ಳಲು ನಿನಗೇನು ಕಷ್ಟ ವದಿನ? ನಾನು ನಿನಗೆ ಬೇಡವಾದವನೇ?"

ಆ ಕೊನೆಯ ಸಾಲನ್ನು ನಾನು ಹುಳುಮನೆಯಲ್ಲಿ ನಿಂತು ಓದಿದೆ. ಅಲ್ಲಿ ಅಳಬಾರದು, ಹುಳುವಿಗೆ ಆಗುವುದಿಲ್ಲ ಅನ್ನುತ್ತಾರೆ. ಹೊರಗೆ ಬಂದು ಅತ್ತೆ.

ಹೋದ ತಿಂಗಳು ನೀನು ಬಂದಿದ್ದಾಗ ಎಲ್ಲರ ಮುಂದೆ "ಆ ಶಾಸ್ತ್ರ ನನ್ನ ಕೈಲಿ ಆಗಲ್ಲ" ಎಂದು ಎದ್ದು ತೋಟಕ್ಕೆ ಹೋಗಿಬಿಟ್ಟೆನಲ್ಲ, ಅದು ತಪ್ಪು. ನೀನು ಬಡಿಸಿದ ಎಲೆ ಬಿಟ್ಟು ಬಸ್ಸು ಹತ್ತಿದೆ. ನಿಮ್ಮಪ್ಪ ನನ್ನ ಹತ್ತಿರ ಮೂರು ದಿನ ಮಾತು ಬಿಟ್ಟರು. ನಿನ್ನ ಚಿಕ್ಕಪ್ಪ ಆಂಜಿನಪ್ಪ, ಪಾಪ, ಎರಡೂ ಕಡೆ ಸಮಾಧಾನ ಮಾಡಲು ಹೋಗಿ ಎರಡೂ ಕಡೆ ಬೈಸಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಯಾಕೆ ಆಡಿದೆ ಅಂತ ನಿನಗೆ ಗೊತ್ತಾಗಬೇಕು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಈ ಮನೆಯಲ್ಲಿ ಮಾತೆಲ್ಲ ತೆಲುಗು, ಬರೆಯುವುದೆಲ್ಲ ಕನ್ನಡ. ನಾನು ಎಂಟನೇ ಕ್ಲಾಸು ಓದಿದ್ದು ಹೀಗಾದರೂ ಉಪಯೋಗಕ್ಕೆ ಬರಲಿ.

ನಿನ್ನನ್ನು ಮಾರಿದ ಕಥೆ ನಿನಗೆ ಗೊತ್ತು. ಆದರೆ ನಿನಗೆ ಹೇಳಿದವರೆಲ್ಲ ಅದನ್ನು ನಗುವ ಕಥೆ ಮಾಡಿ ಹೇಳಿದ್ದಾರೆ. ನಿನ್ನನ್ನು ಮನೆಯಲ್ಲಿ ತೌಡಪ್ಪ ಅಂತ ಕರೆದು, ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು "ಇದೇನ್ರೀ ಹೆಸರು, ಎಮ್ಮೆಗಿಡೋ ಹೆಸರು" ಎಂದು ಕದಿರೇಶ ಅಂತ ಬರೆದುಕೊಂಡದ್ದು, ಎಲ್ಲ ನಗುವ ವಿಷಯವೇ. ನನ್ನ ಕಡೆಯಿಂದ ಒಂದು ಸಲ ಕೇಳು.

ನಿನಗಿಂತ ಮುಂಚೆ ನನಗೆ ಎರಡು ಹುಟ್ಟಿದ್ದವು, ಎರಡೂ ಗಂಡು. ಮೊದಲನೆಯದು ಎಂಟು ದಿನ ಇತ್ತು. ಎರಡನೆಯದು ಮೂರು ತಿಂಗಳು ಇದ್ದು, ನಗುವುದನ್ನು ಕಲಿತು, ಆಮೇಲೆ ಹೋಯಿತು. ನೀನು ಹುಟ್ಟಿದ ಹನ್ನೊಂದನೇ ದಿನ ನನ್ನ ಅತ್ತೆ, ನಿಮ್ಮ ಅವ್ವ, ಹೊಸಿಲ ಹೊರಗೆ ಮೊರದ ತುಂಬ ತೌಡು ಹಿಡಿದು ನಿಂತಳು. ಒಳಗೆ ನಾನು ನಿನ್ನನ್ನು ಎತ್ತಿಕೊಂಡು ನಿಂತೆ. ಮಕ್ಕಳು ಉಳಿಯದ ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು ತೌಡಿಗೆ ಮಾರಿಬಿಟ್ಟರೆ ಜವರಾಯ ಬಂದು ಹುಡುಕಿ, ಈ ಮನೆಯಲ್ಲಿ ಗಂಗರತ್ನಮ್ಮನ ಮಗು ಯಾವುದೂ ಇಲ್ಲ ಅಂದುಕೊಂಡು ವಾಪಸ್ ಹೋಗುತ್ತಾನೆ. ತೌಡಿಗೆ ಬಂದ ಮಗು ಅವನಿಗೂ ಬೇಡ. ನಾನು ಮೂರು ಸಲ "ಈ ಬಿಡ್ಡ ನಾದಿ ಕಾದು" ಅನ್ನಬೇಕು. ಈ ಮಗು ನನ್ನದಲ್ಲ. ಆಗ ನನಗೆ ತೆಲುಗು ಸರಿಯಾಗಿ ಬರುತ್ತಿರಲಿಲ್ಲ. ಹಿಂದಿನ ದಿನವೆಲ್ಲ ಬಾಯಿಪಾಠ ಮಾಡಿ ಹೇಳಿದೆ. ನಿಮ್ಮ ಅವ್ವ ತೌಡನ್ನು ನನ್ನ ಸೆರಗಿಗೆ ಸುರಿದು, ಖಾಲಿ ಮೊರದಲ್ಲಿ ನಿನ್ನನ್ನು ಇಟ್ಟುಕೊಂಡು ಹಿಂದೆ ತಿರುಗಿ ನೋಡದೆ ಹೋದಳು. ನಾನು ಆ ತೌಡನ್ನು ಕಲಗಚ್ಚಿಗೆ ಬೆರೆಸಿ ಎಮ್ಮೆಗೆ ಇಟ್ಟೆ.

ಅಷ್ಟಾದರೆ ಪರವಾಗಿಲ್ಲ. ಮಾರಿದ ಮೇಲೆ, ನಿನ್ನ ಮದುವೆಯ ಚಪ್ಪರದ ದಿನ ತೌಡು ಕೊಟ್ಟು ವಾಪಸ್ ಬಿಡಿಸಿಕೊಳ್ಳುವವರೆಗೆ, ನೀನು ನನ್ನನ್ನು ತಾಯಿ ಅಂತ ಕರೆಯುವಂತಿಲ್ಲ, ನಾನು ನಿನ್ನನ್ನು ಮಗ ಅನ್ನುವಂತಿಲ್ಲ. ಹಾಲು ಕುಡಿಸಿದ್ದು ನಾನೇ, ಹೇಲು ಬಳಿದದ್ದೂ ನಾನೇ. ಆದರೆ ಮನೆಯಲ್ಲಿ ನಿನ್ನ ಚಿಕ್ಕಪ್ಪಂದಿರು ನನ್ನನ್ನು ವದಿನ ಅಂತ ಕೂಗುತ್ತಿದ್ದರು, ನೀನೂ ವದಿನ ಅಂದೆ. ಹೆತ್ತ ಮಗುವಿನ ಬಾಯಲ್ಲಿ ನಾನು ಅತ್ತಿಗೆ. ನೀನು ಮೊದಲ ಸಲ ಹಾಗೆ ಕರೆದಾಗ ಎಲ್ಲರೂ ಕೈ ತಟ್ಟಿ ನಕ್ಕರು. ನಾನೂ ನಕ್ಕೆ. ಉಳಿದರೆ ಸಾಕಾಗಿತ್ತು, ಏನೆಂದು ಕರೆದರೇನು ಅಂತ ಆಗ ಅಂದುಕೊಂಡಿದ್ದೆ.

ಅಂದುಕೊಳ್ಳುವುದು ಸುಲಭ. ನಿನ್ನ ಬಾಯಲ್ಲಿ ಅವ್ವ ಅನ್ನುವ ಮಾತು ದಿನಕ್ಕೆ ನೂರು ಸಲ ಬರುತ್ತಿತ್ತು. ಬಿದ್ದರೆ ಅವ್ವಾ, ಹಸಿದರೆ ಅವ್ವಾ. ಕೇಳಿಸಿದಾಗಲೆಲ್ಲ ನನ್ನ ಕಾಲು ತಾನಾಗಿ ಎದ್ದು ನಿಲ್ಲುತ್ತಿತ್ತು, ಆಮೇಲೆ ನೆನಪಾಗಿ ಕೂರುತ್ತಿದ್ದೆ. ನೀನು ಕೂಗುತ್ತಿದ್ದದ್ದು ನನ್ನನ್ನಲ್ಲ. ನಮ್ಮ ಮಾಲೂರಿನ ಕಡೆ ಅವ್ವ ಅಂದರೆ ಹೆತ್ತವಳು. ಈ ಮನೆಯ ತೆಲುಗಿನಲ್ಲಿ ಅವ್ವ ಅಂದರೆ ಅಪ್ಪನ ತಾಯಿ. ಮಾಲೂರಿನಿಂದ ಇಲ್ಲಿಗೆ ಎರಡು ಬಸ್ಸಿನ ದಾರಿ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಬಂದು ಸೇರಬಹುದು. ಅಷ್ಟು ದೂರಕ್ಕೇ ಎರಡಕ್ಷರದ ಮಾತು ಸೊಸೆಯ ಕೈ ಬಿಟ್ಟು ಅತ್ತೆಯ ಪಾಲಾಗುತ್ತದೆ ಅಂತ ನನಗೇನು ಗೊತ್ತಿತ್ತು? ನಿಮ್ಮ ಅವ್ವ ಅದನ್ನು ಕದ್ದಳು ಅನ್ನುತ್ತಿಲ್ಲ. ಅವಳ ಭಾಷೆಯಲ್ಲಿ ಅದು ಅವಳದೇ. ನನಗೆ ಹೊಟ್ಟೆಕಿಚ್ಚು ಬಂದದ್ದು ಮಾತ್ರ ನಿಜ. ಈಗ ಅವಳ ಕಾಲಿಗೆ ಎಣ್ಣೆ ತಿಕ್ಕುವವಳು ನಾನೇ, ಬರೆಯಲು ನನಗೆ ನಾಚಿಕೆಯಿಲ್ಲ.

ಹುಳುವಿಗೆ ಸೊಪ್ಪಿನ ಹೊತ್ತಾಯಿತು. ಮತ್ತೆ ಬರೆಯುತ್ತೇನೆ.

ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ. ನಿನ್ನ ಮಾವನಾಗುವವರು ಚನ್ನರಾಯಪ್ಪನವರು ಬಂದಿದ್ದರು. ಮಾವಿನ ಹೂವು ಈ ಸಲ ಚೆನ್ನಾಗಿ ಬಂದಿದೆಯಂತೆ, ಇಬ್ಬನಿ ಬಿದ್ದು ಕಪ್ಪಾಗದಿದ್ದರೆ ಸಾಕು ಅಂದರು. ನಿಮ್ಮಪ್ಪನ ಜೊತೆ ಚಪ್ಪರ, ವಾಲಗದ ಮಾತೆಲ್ಲ ಆದ ಮೇಲೆ ನನ್ನ ಕಡೆ ತಿರುಗಿ, "ಏನಮ್ಮಾ, ಹುಡುಗನ್ನ ನೀವು ಬಿಡಿಸಿಕೊಳ್ಳಲ್ಲ ಅಂತೀರಂತೆ? ತಾಯಿಲ್ಲದೋನಿಗೆ ಹೆಣ್ಣು ಕೊಟ್ಟೆ ಅಂತ ನಮ್ಮ ಕಡೆ ಜನ ಆಡ್ಕೊಂಡ್ರೆ ಏನ್ ಮಾಡ್ಲಿ?" ಅಂದರು. ಸಿಟ್ಟಿನಿಂದ ಅನ್ನಲಿಲ್ಲ, ಒಳ್ಳೆಯ ಮನುಷ್ಯ. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ನೀನೊಬ್ಬನೇ ಅಲ್ಲ, ಎರಡು ಮನೆಯವರು ನನ್ನ ಬಾಯಿ ನೋಡುತ್ತಿದ್ದಾರೆ ಅಂತ ನನಗೂ ಗೊತ್ತು.

ಈಗ ಶ್ಯಾಮಲಳ ವಿಷಯ. ನಿನ್ನ ತಂಗಿಯ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನೀನು ಮಾತ್ರ ಒಂದು ಸಲ, ಕೋಲಾರದ ಹಾಸ್ಟೆಲಿನಿಂದ ರಜಕ್ಕೆ ಬಂದವನು, "ವದಿನ, ಶ್ಯಾಮಲ ಇದ್ದಿದ್ರೆ ಈಗ ಹೈಸ್ಕೂಲು ಅಲ್ವಾ?" ಅಂದೆ. ನಾನು ರಾಗಿ ಬೀಸುತ್ತಿದ್ದೆ, ಕೇಳಿಸದವಳ ಹಾಗೆ ಬೀಸುತ್ತಲೇ ಇದ್ದೆ.

ಅವಳು ಹುಟ್ಟಿದಾಗಲೂ ಹನ್ನೊಂದನೇ ದಿನ ನಿಮ್ಮ ಅವ್ವ ಮೊರ ತಂದಳು. "ಈ ಬಿಡ್ಡನೀ ನಾಕು ಅಮ್ಮೇಯ್ ಗಂಗಾ" ಅಂದಳು. ಈ ಮಗುವನ್ನೂ ನನಗೆ ಮಾರಿಬಿಡು. ನಾನು ಆಗಲ್ಲ ಅಂದೆ. ಜವರಾಯ ಕಣ್ಣು ಹಾಕಿದ್ದು ಗಂಡುಮಕ್ಕಳ ಮೇಲೆ, ಇದು ಹೆಣ್ಣು, ಇದಕ್ಕೇನೂ ಆಗಲ್ಲ ಅಂತ ವಾದ ಮಾಡಿದೆ. ಬಾಯಿಗೆ ಬಂದ ವಾದ ಅದು. ಒಳಗಿದ್ದದ್ದು ಬೇರೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಒಂದಾದರೂ ನನ್ನನ್ನು ಅವ್ವ ಅಂತ ಕೂಗಬೇಕಾಗಿತ್ತು. ಅದಕ್ಕಾಗಿ ನಾನು ಮಗುವಿನ ಜೀವವನ್ನು ಪಣಕ್ಕೆ ಇಡುತ್ತಿದ್ದೇನೆ ಅಂತ ನಿಮ್ಮ ಅವ್ವ ಮುಖಕ್ಕೇ ಹೇಳಿದಳು. ಆವತ್ತು ನಾವಿಬ್ಬರೂ ಆಡಿದ ಮಾತುಗಳನ್ನು ಕಾಗದದಲ್ಲಿ ಬರೆಯಲಾಗದು.

ಕೊನೆಗೆ ನನ್ನ ಮಾತೇ ನಡೆಯಿತು. ಶ್ಯಾಮಲಳಿಗೆ ನಾನು ಬೇಕೆಂದೇ ಕನ್ನಡ ಕಲಿಸಿದೆ. ಅವಳು ಅವ್ವಾ ಅಂತ ಕೂಗಿದರೆ ಒಳಗಿಂದ ನಾನೂ ಹೊರಗಿಂದ ನಿಮ್ಮ ಅವ್ವನೂ ಒಟ್ಟಿಗೆ ಬಂದು ನಿಲ್ಲುತ್ತಿದ್ದೆವು. ಎರಡೂವರೆ ವರ್ಷದವಳು, ನಮ್ಮಿಬ್ಬರನ್ನೂ ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದಳು. "ತೆಲುಗವ್ವ ಅಲ್ಲ, ಕನ್ನಡವ್ವ!" ನಿನಗೆ ನೆನಪಿದೆಯೋ ಇಲ್ಲವೋ, ಆ ಹೆಸರು ಕೇರಿಯಲ್ಲೆಲ್ಲ ಹಬ್ಬಿತ್ತು. ಅಂಗಡಿಯವನು ಕೂಡ "ಕನ್ನಡವ್ವನಿಗೆ ಏನ್ ಬೇಕಂತೆ?" ಅನ್ನುತ್ತಿದ್ದ. ನಿಮ್ಮ ಅವ್ವ ಬೈದುಕೊಂಡೇ ನಗುತ್ತಿದ್ದಳು. ಸುಳ್ಳೇಕೆ, ಅವಳಿಗೂ ಆ ಹುಡುಗಿಯೆಂದರೆ ಪ್ರಾಣ. ಅವಳಿದ್ದಷ್ಟು ದಿನ ನಾನು ಕನ್ನಡವ್ವ ಆಗಿದ್ದೆ. ಅಷ್ಟು ದಿನವೂ ಯಾರು ಏನು ಬೈದರೂ ನನಗೆ ತಾಗುತ್ತಿರಲಿಲ್ಲ.

ಎಪ್ಪತ್ತನಾಲ್ಕರ ಮೇ ತಿಂಗಳು. ನಿನಗೆ ಒಂಬತ್ತು. ಅವಳಿಗೆ ಐದು ತುಂಬಿತ್ತು. ಆ ವರ್ಷ ನಿಮ್ಮಪ್ಪ ಶ್ರೀನಿವಾಸಪುರದ ಹತ್ತಿರ ಮಾವಿನ ತೋಪು ಗುತ್ತಿಗೆ ಹಿಡಿದಿದ್ದರು. ಗಂಡಸರೆಲ್ಲ ಕಾವಲಿಗೆ ಹೋದರು, ರಜ ಎಂದು ನಿನ್ನನ್ನೂ ಕರೆದುಕೊಂಡು ಹೋದರು. ನೀವು ವಾಪಸ್ ಬರುವ ಹೊತ್ತಿಗೆ ಎಲ್ಲ ಮುಗಿದು ಮೂರು ದಿನವಾಗಿತ್ತು. ನೀನು ಅಂಗಿಯ ಮಡಿಲಲ್ಲಿ ಕಾಯಿ ಕಟ್ಟಿಕೊಂಡು ಬಂದು "ವದಿನಾ, ಶ್ಯಾಮಲ ಎಕ್ಕಡ?" ಅಂದೆ. ವಾಂತಿಭೇದಿ, ಒಂದೇ ದಿನ ಅಂತ ನಿನಗೂ ನಿಮ್ಮಪ್ಪನಿಗೂ ಹೇಳಿದೆವು. ಅದು ಸುಳ್ಳಲ್ಲ.

ಆಮೇಲೆ ಬಂದವರೆಲ್ಲ ಒಂದೇ ಮಾತು. ಮಾರಿದ ಮಗು ಉಳಿಯಿತು, ಮಾರದ ಮಗು ಹೋಯಿತು. ಅತ್ತೆ ಮಾತು ಕೇಳಿದ್ದರೆ ಹೀಗಾಗುತ್ತಿತ್ತೇ? ನಿನ್ನ ದೊಡ್ಡಜ್ಜಿ ದೊಡ್ಡವೆಂಕಟಮ್ಮ ಮುಖವೆಲ್ಲ ಕಣ್ಣೀರು ಮಾಡಿಕೊಂಡು, "ಒಂದು ಮೊರ ತೌಡಿಗೆ ಬರಗಾಲ ಬಂದಿತ್ತೇನೇ ನಿನಗೆ?" ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ನಿಮ್ಮಪ್ಪ ಬಹಳ ದಿನ ನನ್ನ ಮುಖ ನೋಡಲಿಲ್ಲ. ನಿಮ್ಮ ಅವ್ವ ಮಾತ್ರ ಒಂದು ದಿನವೂ ಆ ಮಾತು ಎತ್ತಲಿಲ್ಲ. ಬೇರೆಯವರು ಎತ್ತಿದರೆ ಎದ್ದು ಹೋಗುತ್ತಿದ್ದಳು. ಎಲ್ಲರೂ ಅದನ್ನು ಅವಳ ದೊಡ್ಡ ಮನಸ್ಸು ಅಂದರು. ನಾನೂ ಹೌದು ಅಂದೆ.

ಹೀಗಿದೆ ಕದಿರೇಶ. ಆ ಮಾತಿಗೆ ನಾನು ಒಂದು ಸಲ ಆಸೆಪಟ್ಟೆ, ಏನಾಯಿತು ಅಂತ ನೀನೇ ನೋಡಿದೆ. ಈಗ ಇಪ್ಪತ್ತಾರನೇ ತಾರೀಕಿಗೆ ಮುಂಚೆ ಮತ್ತೆ ತೌಡಿನ ಮೊರ ಹಿಡಿದು ನಿಂತು, ಇವನು ನನ್ನ ಮಗ ಅಂತ ಮೂರು ಸಲ ಕೂಗಿ ಹೇಳು ಅಂದರೆ, ನನಗೆ ಭಯ. ಯಾರಿಗೆ ಕೇಳಿಸಿಬಿಡುತ್ತದೋ ಅಂತ ಭಯ. ನಗಬೇಡ. ನೀನು ಬಿ.ಎ. ಓದಿದವನು, ಇದೆಲ್ಲ ಮೂಢನಂಬಿಕೆ ಅನ್ನುತ್ತೀಯ. ನೀನೇ ಆ ಶಾಸ್ತ್ರ ಬೇಕೆಂದು ಹಟ ಹಿಡಿದು ಕೂತಿದ್ದೀಯ, ಅದನ್ನೂ ನೆನಪಿಟ್ಟುಕೋ.

ನಿಮ್ಮ ಅವ್ವ ದಿನಾ ಕೇಳುತ್ತಾಳೆ. "ತೀಸ್ಕೋವೇ ಗಂಗಾ, ತಗೊಳ್ಳೇ. ಇನ್ನೊಬ್ಬರ ಮಗೂನ ಮಡಿಲಲ್ಲಿ ಇಟ್ಕೊಂಡು ನಾನು ಹೆಂಗೆ ಸಾಯ್ಲಿ?" ನೀವೇ ಇಟ್ಟುಕೊಳ್ಳಿ ಅತ್ತೆ, ಹಸೆಯ ಪಕ್ಕ ತಾಯಿಯ ಜಾಗದಲ್ಲಿ ನೀವೇ ಕೂತುಕೊಳ್ಳಿ, ಸಾಕಿದವರು ನೀವು ಅನ್ನುತ್ತೇನೆ. ಅವಳು ತಲೆ ಆಡಿಸುತ್ತಾಳೆ, ಗೋಡೆಯ ಕಡೆ ತಿರುಗುತ್ತಾಳೆ. ನಿನಗೂ ಅದನ್ನೇ ಹೇಳುತ್ತೇನೆ. ಅವಳನ್ನೇ ಕೂರಿಸು. ನಾನು ಮದುವೆಗೆ ಬರದೇ ಇರುತ್ತೇನೆಯೇ? ಅಕ್ಕಿ ನೆನೆಹಾಕುವುದರಿಂದ ಹಿಡಿದು ಎಲೆ ಎತ್ತುವವರೆಗೆ ಎಲ್ಲ ಮಾಡುತ್ತೇನೆ. ಆ ಒಂದು ಶಾಸ್ತ್ರ ಬಿಡಿಸು, ಸಾಕು.

ನಿನ್ನ ಕೈ ಹಿಡಿಯುವ ಆದಿಲಕ್ಷ್ಮಿಯ ವಿಷಯ ಒಂದು ಮಾತು. ಒಳ್ಳೆಯ ಹುಡುಗಿ, ಕಣ್ಣು ಕೆಳಗೆ ಹಾಕಿಕೊಂಡೇ ಎಲ್ಲ ನೋಡುತ್ತಾಳೆ. ಅವರ ಮನೆಯಲ್ಲಿ ಕನ್ನಡವಂತೆ. ನಮ್ಮ ಮನೆಗೆ ಬಂದ ಹೊಸದರಲ್ಲಿ ಅವಳ ಹತ್ತಿರ ಕನ್ನಡದಲ್ಲೇ ಮಾತಾಡಿ ಅಂತ ಎಲ್ಲರಿಗೂ ಹೇಳಿಬಿಡು. ಅವಳಿಗೆ ಮಕ್ಕಳಾದ ಮೇಲೆ ಆ ಮಕ್ಕಳು ಅವಳನ್ನು ಏನೆಂದು ಕರೆಯಬೇಕು ಅಂತ ಅವಳೇ ಹೇಳಲಿ. ಬೇರೆ ಯಾರಿಗೂ ಆ ಅಧಿಕಾರ ಬೇಡ, ನನಗೂ ಬೇಡ.

ಬರುವಾಗ ಎರಡು ದಿನ ಮುಂಚೆ ಬಾ. ಹೊಸ ಚಪ್ಪಲಿಯನ್ನು ಈಗಲೇ ಹಾಕಿಕೊಂಡು ಓಡಾಡು, ಇಲ್ಲದಿದ್ದರೆ ಧಾರೆಯ ಹೊತ್ತಿಗೆ ಕಾಲು ಕಚ್ಚಿ ಕುಂಟುತ್ತೀಯ. ಕಣ್ಣಿಗೆ ನಿದ್ದೆ ಕೊಡು. ದೇವರು ನಿಮ್ಮಿಬ್ಬರನ್ನೂ ಕಾಯಲಿ, ನಿನ್ನ ಆಯುಸ್ಸು ಗಟ್ಟಿಯಿರಲಿ, ನಿನ್ನ ಮನೆಯ ತೊಟ್ಟಿಲು ಬರಿದಾಗದಿರಲಿ.

ಇಂತಿ,
ಗಂಗರತ್ನಮ್ಮ

ವಿ. ಸೂ.: ರುಜು ಹಾಕಿ, ಲಕೋಟೆಯೊಳಗೆ ಇಟ್ಟು, ಮತ್ತೆ ತೆಗೆದಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಮುಖ್ಯವಾದದ್ದನ್ನು ಬಿಟ್ಟಿದ್ದೇನೆ. ಇದನ್ನು ಓದಿದ ಮೇಲೂ ನೀನು ಮೊರ ಹಿಡಿ ಅಂದರೆ ಹಿಡಿಯುತ್ತೇನೆ.

ನಾನು ಶ್ಯಾಮಲಳನ್ನು ಮಾರಲಿಲ್ಲ ಅಂತ ಊರಿಗೆಲ್ಲ ಗೊತ್ತು. ನಾನು ಮಾರಿದೆ ಕದಿರೇಶ. ಅವಳು ಹೋದ ದಿನ ಬೆಳಿಗ್ಗೆ ಮಾರಿದೆ. ಅದು ಗೊತ್ತಿರುವುದು ನನಗೆ ಮತ್ತು ನಿಮ್ಮ ಅವ್ವನಿಗೆ ಮಾತ್ರ. ಹದಿನಾಲ್ಕು ವರ್ಷ ನಾವಿಬ್ಬರೂ ಒಂದೇ ಒಲೆಯ ಮುಂದೆ ಕೂತು ಅದನ್ನು ಮುಚ್ಚಿಟ್ಟಿದ್ದೇವೆ.

ಬೆಳಗಾಗುವ ಮುಂಚೆ ಶ್ಯಾಮಲಳಿಗೆ ವಾಂತಿಭೇದಿ ಶುರುವಾಯಿತು. ಒಂಬತ್ತು ಗಂಟೆಗೆ ಕಣ್ಣು ಗುಳಿ ಬಿದ್ದಿತ್ತು. ಮುಳಬಾಗಿಲ ಆಸ್ಪತ್ರೆಗೆ ಹೋಗೋಣ, ಹತ್ತೂವರೆಗೆ ಬಸ್ಸಿದೆ ಎಂದು ಅವಳನ್ನು ಸೀರೆಯಲ್ಲಿ ಸುತ್ತಿಕೊಂಡು ಹೊರಟೆ. ನಿಮ್ಮ ಅವ್ವ ಮೊರದಲ್ಲಿ ತೌಡು ಹಿಡಿದು ಹೊಸಿಲಿಗೆ ಅಡ್ಡ ನಿಂತಳು. ಮೊದಲು ಮಾರು, ಆಮೇಲೆ ಹೋಗೋಣ, ಇಲ್ಲದಿದ್ದರೆ ದಾರಿಯಲ್ಲೇ ಹೋಗುತ್ತಾಳೆ ಅಂದಳು. ಅವಳು ಹಿಡಿದ ಮೊರದಿಂದ ತೌಡು ಉದುರುತ್ತಿತ್ತು. ಅವಳಿಗೂ ನನ್ನಷ್ಟೇ ಭಯ. ನಾನು ಬೈದೆ, ತಳ್ಳಿದೆ. ಆಮೇಲೆ ಒಪ್ಪಿದೆ. ಇದನ್ನು ನೀನು ಸರಿಯಾಗಿ ಓದಿಕೊಳ್ಳಬೇಕು, ಯಾರೂ ನನ್ನ ಕೈಯಿಂದ ಕಿತ್ತುಕೊಳ್ಳಲಿಲ್ಲ. ಐದು ವರ್ಷ ನಾನು ಮಾಡಿದ ಹಟಕ್ಕೆ ಇದು ಶಿಕ್ಷೆ ಅಂತ ನನಗೆ ಆಗ ನಿಜವಾಗಿ ಅನ್ನಿಸಿತು. ನಾನು ತೆಲುಗಿನಲ್ಲಿ ಶುರು ಮಾಡಿದೆ. ನಿಮ್ಮ ಅವ್ವ ತಡೆದಳು. "ನೀ ಭಾಷಲೋನೇ ಚೆಪ್ಪು, ಮನಸಾರ." ನಿನ್ನ ಭಾಷೆಯಲ್ಲೇ ಹೇಳು, ಮನಸಾರೆ. ಮೊರದಲ್ಲಿ ಶ್ಯಾಮಲಳ ಕಾಲು ಹಿಡಿಸಲಿಲ್ಲ, ಮಡಿಚಿ ಮಲಗಿಸಿದ್ದೆ. ಅವಳು ಕಣ್ಣು ಬಿಟ್ಟುಕೊಂಡೇ ಇದ್ದಳು. ಅವಳನ್ನು ನೋಡಿಕೊಂಡು ನಾನು ಕನ್ನಡದಲ್ಲಿ ಮೂರು ಸಲ ಹೇಳಿದೆ. ಇದು ನನ್ನ ಮಗು ಅಲ್ಲ. ಇದು ನನ್ನ ಮಗು ಅಲ್ಲ. ಇದು ನನ್ನ ಮಗು ಅಲ್ಲ. ಮೂರನೆಯದು ಹೇಳುವಾಗ ಬಸ್ಸಿನ ಹಾರನ್ ಕೇಳಿಸಿತು.

ಮುಂದಿನ ಬಸ್ಸು ನಾಲ್ಕು ಗಂಟೆಗೆ. ಅದಕ್ಕೆ ಹೊರಡುವ ಅಗತ್ಯ ಬೀಳಲಿಲ್ಲ.

ನಡುವೆ ಐದೂವರೆ ತಾಸಿತ್ತು. ಮಾರಿದ ಮೇಲೆ ಮಾರನೆಯ ದಿನ ಸೂರ್ಯ ಹುಟ್ಟುವವರೆಗೆ ಮಾರಿದವಳ ಕೈಯಿಂದ ಮಗುವಿಗೆ ಏನೂ ಹೋಗಬಾರದು, ಮುಟ್ಟಲೂಬಾರದು. ನಿನ್ನನ್ನು ಮಾರಿದ ದಿನ ಪಕ್ಕದ ಮನೆಯವಳು ಬಂದು ಹಾಲು ಕುಡಿಸಿದ್ದಳು. ಅದೂ ಅಲ್ಲದೆ ವಾಂತಿಭೇದಿಗೆ ನೀರು ಕೊಟ್ಟರೆ ಹೆಚ್ಚಾಗುತ್ತದೆ ಅಂತ ಆಗ ಎಲ್ಲರೂ ನಂಬಿದ್ದೆವು. ನಿಮ್ಮ ಅವ್ವ ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದಳು, ಅಷ್ಟೇ. ಹೋದ ವರ್ಷ ಅಂಗನವಾಡಿಯ ಮುತ್ಯಾಲಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ಚೊಂಬಿನಲ್ಲಿ ಉಪ್ಪು ಸಕ್ಕರೆ ಕದಡಿ ತೋರಿಸಿದಳು. "ಮಕ್ಕಳು ಸಾಯೋದು ಭೇದಿಯಿಂದಲ್ಲ ಕಣ್ರಮ್ಮ, ಮೈಯಲ್ಲಿ ನೀರಿಲ್ದೆ ಸಾಯೋದು. ಕೇಳಿದಷ್ಟು ಕುಡಿಸಿ, ಕೇಳದಿದ್ರೂ ಕುಡಿಸಿ" ಅಂದಳು. ನಾನು ಎದ್ದು ಮನೆಗೆ ಬಂದೆ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ, ನೀವೆಲ್ಲ ವಯಸ್ಸಾಯಿತು ಅಂದುಕೊಂಡಿದ್ದೀರಿ.

ಮಧ್ಯಾಹ್ನ ಎರಡು ಗಂಟೆಯಿರಬಹುದು. ಶ್ಯಾಮಲ ನಿಮ್ಮ ಅವ್ವನ ತೊಡೆಯ ಮೇಲೆ ಮಲಗಿದ್ದಳು. ನಾನು ಎದುರು ಗೋಡೆಗೆ ಒರಗಿ ಕೂತಿದ್ದೆ, ನೀರಿನ ಬಿಂದಿಗೆ ನನ್ನ ಪಕ್ಕದಲ್ಲೇ ಇತ್ತು. ಅವಳು ಬಿಂದಿಗೆ ನೋಡಿದಳು, ನನ್ನನ್ನು ನೋಡಿದಳು. ನನ್ನನ್ನು ಕೂಗಲಿಲ್ಲ. ಅವ್ವನ ಹತ್ತಿರ ಯಾವಾಗಲೂ ತೆಲುಗಿನಲ್ಲೇ ಮಾತಾಡುತ್ತಿದ್ದವಳು ಅವ್ವನ ಸೆರಗು ಹಿಡಿದೆಳೆದು ಕನ್ನಡದಲ್ಲಿ ಮೆಲ್ಲಗೆ ಕೇಳಿದಳು. "ಆಯಮ್ಮನ್ನ ನೀರು ಕೇಳಿದ್ರೆ ಕೊಡ್ತಾಳಾ?"

ಕೊಡಲಿಲ್ಲ ಕಣೋ.